ಡೈರಿ ಹತ್ತಿರ ಕೇಳುವ ಪ್ರಶ್ನೆ: ನನ್ನ ಅನುಭವ

ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಆತ್ಮಹತ್ಯೆ ತಡೆಯುವ ಜಾಗೃತಿ ಅಂದರೆ ಸಮುದಾಯ ಭವನದಲ್ಲಿ ಬ್ಯಾನರ್ ಕಟ್ಟಿ, ಭಾಷಣ ಮಾಡಿಸಿ, ಟೀ ಕೊಟ್ಟು ಕಳಿಸುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಸೆಪ್ಟೆಂಬರ್ 10ಕ್ಕೆ, ಅಂದರೆ ವಿಶ್ವ ಆತ್ಮಹತ್ಯೆ ತಡೆ ದಿನಕ್ಕೆ, ಅದನ್ನೂ ಮಾಡುತ್ತೇವೆ, ಬೇಡ ಅನ್ನುವುದಿಲ್ಲ. ಆದರೆ ನಿಜವಾಗಿ ಕಷ್ಟದಲ್ಲಿರುವವರು ಸಭೆಗೆ ಬರುವುದೇ ಕಡಿಮೆ. ಬಂದರೂ ಊರವರ ಮುಂದೆ ಬಾಯಿ ಬಿಡುತ್ತಾರಾ? ಅದಕ್ಕೇ ನಾನು ಜನ ಇರುವ ಕಡೆಗೇ ಹೋಗುತ್ತೇನೆ. ಗಂಡಸರು ಬೆಳಿಗ್ಗೆ ಡೈರಿಗೆ ಹಾಲು ಹಾಕುವಾಗ ಸಿಗುತ್ತಾರೆ, ಹೆಂಗಸರು ಸಂಘದ ಕಂತು ಕಟ್ಟುವ ದಿನ.

ಮಾತು ಶುರು ಮಾಡುವುದು ನಿದ್ದೆಯಿಂದ. "ರಾತ್ರಿ ನಿದ್ದೆ ಹತ್ತುತ್ತಾ ಅಣ್ಣ?" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ, ಶುಂಠಿ ರೇಟು ಬಿದ್ದ ವರ್ಷ ಉತ್ತರ ಬೇರೆಯೇ ಇರುತ್ತದೆ. ಊಟ ಸೇರಲ್ಲ, ನಡುರಾತ್ರಿ ಎಚ್ಚರ ಆಗುತ್ತೆ, ಯಾರ ಹತ್ತಿರವೂ ಮಾತು ಬೇಡ ಅನ್ಸುತ್ತೆ. ಕುಡಿತ ಜಾಸ್ತಿಯಾಗಿರುವುದನ್ನು ಅವರು ಹೇಳುವುದಿಲ್ಲ, ಮನೆಯವರು ಹೇಳುತ್ತಾರೆ.

ಒಬ್ಬರು ಹಾಲಿನ ಕ್ಯಾನ್ ತೊಳೆಯುತ್ತಾ, ನನ್ನ ಮುಖ ನೋಡದೆ, "ಏನ್ ನಿದ್ದೆನೋ ಕಣವ್ವ, ನಾನಿದ್ದು ಯಾರಿಗೇನು ಪ್ರಯೋಜನ" ಅಂದರು. ಇಂಥ ಮಾತು ಬಂದ ತಕ್ಷಣ "ಹಂಗೆಲ್ಲ ಅನ್ಬೇಡಿ, ದೇವರಿದ್ದಾನೆ" ಅಂತ ಬಾಯಿ ಮುಚ್ಚಿಸಿಬಿಡುತ್ತೇವೆ, ಅಲ್ವಾ? ನಾನು ಪಕ್ಕಕ್ಕೆ ಕರೆದು ನೇರವಾಗಿ ಕೇಳಿದೆ: "ಅಣ್ಣ, ಸಾಯಬೇಕು ಅಂತ ಅನ್ಸಿದ್ಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂಂ ಅಂದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಒಳಗೇ ಇಟ್ಟುಕೊಂಡಿದ್ದನ್ನು ಯಾರೋ ಒಬ್ಬರು ಕೇಳಿದರಲ್ಲ ಅಂತ ಅವರಿಗೆ ಎದೆ ಹಗುರ ಆಗುತ್ತದೆ.

ಅವತ್ತು ಅವರನ್ನು ಒಬ್ಬರೇ ಇರಲು ಬಿಡಲಿಲ್ಲ. ಅವರ ಒಪ್ಪಿಗೆ ಕೇಳಿಯೇ ತಮ್ಮನನ್ನು ಕರೆಸಿದೆ. ನನ್ನ ಫೋನಿನಿಂದಲೇ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಕರೆ ಮಾಡಿ ಕೈಗೆ ಕೊಟ್ಟೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ದುಡ್ಡಿಲ್ಲ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿದ್ದ, ತೋಟಕ್ಕೆ ಹೊಡೆಯುವ ಕೀಟನಾಶಕವನ್ನೆಲ್ಲ ತೆಗೆಸಿ, ಬೇರೆ ಕಡೆ ಬೀಗ ಹಾಕಿಸಿ, ಕೀಲಿ ತಮ್ಮನ ಕೈಗೆ ಕೊಡಿಸಿದೆವು. ಇದು ಸಣ್ಣ ಕೆಲಸ ಅಲ್ಲ. ಸಾಯುವ ಯೋಚನೆ ಎಷ್ಟೋ ಸಲ ಜೋರಾಗಿ ಬಂದು, ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ, ಆ ಹೊತ್ತಲ್ಲಿ ಅಪಾಯದ್ದು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ತುಂಬಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆ ಬಹಳ ಕಡಿಮೆಯಾಯಿತು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಹೋದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ ಅದು. ಡಾಕ್ಟರ್ ಮಾತ್ರೆ ಬರೆದರು. ಇಂಥ ಮಾತ್ರೆ ಕೆಲಸ ಮಾಡಲು 2ರಿಂದ 4 ವಾರ ಬೇಕು, ಅಷ್ಟರಲ್ಲಿ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡುವವರೇ ಜಾಸ್ತಿ. ಹಾಗಾಗಿ ಡೈರಿಗೆ ಬಂದಾಗಲೆಲ್ಲ ಮಾತ್ರೆ ವಿಚಾರಿಸುತ್ತಿದ್ದೆ, ಬೇರೆಯವರಿಗೆ ಕೇಳಿಸದ ಹಾಗೆ.

ಇನ್ನೊಂದು ದೊಡ್ಡ ಅಡ್ಡಿ ಪೊಲೀಸ್ ಕೇಸಿನ ಭಯ. ಪ್ರಯತ್ನ ಮಾಡಿದವರನ್ನು ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಮುಚ್ಚಿಡುವವರಿದ್ದಾರೆ, ಜೀವ ಹೋಗುವುದು ಅಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಚಿಕಿತ್ಸೆ, ಆರೈಕೆ ಕೊಡಬೇಕಾದ್ದು ಸರ್ಕಾರದ ಹೊಣೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ಕೇಸ್ ಅಂತ ಬರೆದುಕೊಳ್ಳುತ್ತಾರೆ, ಅದು ದಾಖಲೆಗೆ. ಮೊದಲು 108ಕ್ಕೆ ಕರೆ ಮಾಡಿ ಅಂತ ಸಂಘದ ಸಭೆಯಲ್ಲಿ ನಾನು ಪದೇ ಪದೇ ಹೇಳುತ್ತೇನೆ.

ರಿಸಲ್ಟ್ ದಿನಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗೆ ಮುಂಚೆಯೇ ಹೋಗುತ್ತೇನೆ. ಫೇಲಾದರೂ ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ-2 ಇದೆ ಅಂತ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರುವುದಿಲ್ಲ.

ಎಷ್ಟು ಮಾಡಿದರೂ ಕೆಲವು ಸಾವು ಆಗುತ್ತವೆ. ಆಗ ಫೋಟೋ, ವಿಡಿಯೊ, ಹೇಗೆ ಸತ್ತರು ಅನ್ನುವ ವಿವರ ಊರ ವಾಟ್ಸಾಪ್ ಗ್ರೂಪಿಗೆ ಬಂದರೆ ಅಡ್ಮಿನ್‌ಗೆ ಹೇಳಿ ತೆಗೆಸುತ್ತೇನೆ, ಯಾಕೆಂದರೆ ಅದೇ ಸಂಕಟದಲ್ಲಿರುವ ಇನ್ನೊಬ್ಬರೂ ಅದನ್ನು ನೋಡುತ್ತಿರುತ್ತಾರೆ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಆ ಮನೆಗೆ ಹೋಗಿ ಕೂರುತ್ತೇನೆ. "ನೀವು ನೋಡ್ಕೊಂಡಿದ್ರೆ ಹಿಂಗಾಗ್ತಿತ್ತಾ" ಅನ್ನುವ ಮಾತನ್ನು ಊರವರಿಂದೆಲ್ಲ ಕೇಳಿಸಿಕೊಂಡು ಆ ಮನೆಯ ಹೆಂಗಸು ಸೋತಿರುತ್ತಾಳೆ. ಅವಳ ನಿದ್ದೆಯನ್ನೂ ವಿಚಾರಿಸಬೇಕು.

14416 ನಂಬರನ್ನು ಡೈರಿ, ರೇಷನ್ ಅಂಗಡಿ, ಅಂಗನವಾಡಿ ಗೋಡೆಗೆ ಅಂಟಿಸಿದ್ದೇನೆ. ಎಲ್ಲರೆದುರು ಬರೆದುಕೊಳ್ಳಲು ನಾಚಿಕೆ ಪಡುವವರ ಫೋನು ಇಸಿದುಕೊಂಡು ನಾನೇ ಸೇವ್ ಮಾಡಿಕೊಡುತ್ತೇನೆ, ಹೆಸರು 'ಮಾನಸ' ಅಂತ ಹಾಕಿ. ಮನೆಯವರು ನೋಡಿದರೂ ಯಾರೋ ನೆಂಟರು ಅಂದುಕೊಳ್ಳುತ್ತಾರೆ.