ಪೇಡೆ ಸರ್ ಹೋಗಿ ಹಗ್ಗದ ಸರ್ ಆದ ಕತೆ

ವಿಚಾರ ಸಂಕಿರಣದಲ್ಲಿ ಪರಿಚಯದ ಸರದಿ ಬಂದರೆ ಹತ್ತು ವರ್ಷ ಒಂದೇ ಸಾಲು ಒಪ್ಪಿಸಿದೆ. "ಕಲ್ಯಾಣ ಚಾಲುಕ್ಯರ ಕಾಲದ ಭೂಮಾಪನ ನನ್ನ ಆಸಕ್ತಿಯ ಕ್ಷೇತ್ರ." ಅಷ್ಟು ಹೇಳುವುದರೊಳಗೆ ಎದುರಿದ್ದವರ ಕಣ್ಣು ಚಹಾದ ಕಡೆ ಹೋಗಿರುತ್ತಿತ್ತು.

ನೆನಪಿರಲಿ ಅಂತ ಮೊದಲು ಕಾರ್ಡ್ ಮಾಡಿಸಿದೆ. ಐನೂರು ಕಾರ್ಡಿಗೆ ಒಂಬೈನೂರು ರೂಪಾಯಿ ಆಗಿರಬೇಕು. ಅರ್ಧಕ್ಕಿಂತ ಜಾಸ್ತಿ ಇನ್ನೂ ಕಪಾಟಿನಲ್ಲಿವೆ, ಹಿಂಬದಿಯಲ್ಲಿ ಮಗಳು ಮಗ್ಗಿ ಬರೆಯುತ್ತಾಳೆ. ಆಮೇಲೆ ಧಾರವಾಡ ಪೇಡೆ ಹಂಚಿ ನೋಡಿದೆ. ಎರಡು ಕಿಲೋ, ಸಾವಿರದ ಮೇಲೆ ಹೋಯಿತು. ಮುಂದಿನ ವರ್ಷ ಬಾಗಿಲಲ್ಲೇ "ಪೇಡೆ ಸರ್ ಬಂದ್ರು" ಅಂದರು. ಭೂಮಾಪನ ಯಾರಿಗೂ ನೆನಪಿರಲಿಲ್ಲ.

ಹಗ್ಗದ ಯೋಚನೆ ಹಾನಗಲ್ ಸೀಮೆಯ ಒಂದು ಗುಡಿಯಲ್ಲಿ ಬಂತು. ಗೋಡೆಯ ಮೇಲೆ ಗಳೆಯ, ಅಂದರೆ ಆಗ ಹೊಲ ಅಳೆಯುತ್ತಿದ್ದ ಅಳತೆಗೋಲಿನ, ಗೆರೆ ಕೆತ್ತಿತ್ತು. ಅಷ್ಟೇ ಉದ್ದದ ಹಗ್ಗ ಕತ್ತರಿಸಿ ಎರಡೂ ತುದಿಗೆ ಗಂಟು ಹಾಕಿಕೊಂಡೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ನೂಲಿನ ಹಗ್ಗ, ಅರವತ್ತು ರೂಪಾಯಿ. ಗೆಳೆಯರು "ಸರ, ಎತ್ತು ಎಲ್ಲಿ ಬಿಟ್ಟ ಬಂದ್ರಿ?" ಅಂತ ನಕ್ಕರು.

ಮೊದಲ ಸಲ ಮರ್ಯಾದೆ ಹೋಯಿತು. ಹಗ್ಗ ಜಗ್ಗಿ ಜಗ್ಗಿ ನಾಲ್ಕು ಬೆರಳು ಉದ್ದವಾಗಿತ್ತು. ಹಿರಿಯರೊಬ್ಬರು ಟೇಪ್ ಹಿಡಿದು ಎಲ್ಲರ ಮುಂದೆ ತೋರಿಸಿದರು. ಈಗಿನದು ಜಗ್ಗುವುದಿಲ್ಲ. ಯಾವುದರಿಂದ ಮಾಡಿದ್ದು ಅಂತ ಮಾತ್ರ ಹೇಳುವುದಿಲ್ಲ.

ಗದಗಿನ ಸಂಕಿರಣದಲ್ಲಿ ಹಗ್ಗ ಕೆಲಸ ಕೊಟ್ಟಿತು. ಅಲ್ಲಿ ಪರಿಚಯ ಅಂದರೆ ಎಲ್ಲರೂ ಲಕ್ಕುಂಡಿಯ ಅತ್ತಿಮಬ್ಬೆಯ 1007ರ ಶಾಸನದಿಂದಲೇ ಶುರು ಮಾಡುತ್ತಾರೆ ಅಲ್ವಾ? ನಾನು ಸುಮ್ನೆ ಹಗ್ಗದ ಒಂದು ತುದಿಯನ್ನು ಪಕ್ಕದವರ ಕೈಗೆ ಕೊಟ್ಟೆ. "ಇದು ಒಂದು ಗಳೆ. ನಿಮ್ಮೂರ ಶಾಸನದಲ್ಲಿ ದಾನ ಕೊಟ್ಟ ಮತ್ತರು ಯಾವ ಗಳೆಯದು?" ಅಂದೆ. ಮತ್ತರು ಅಂದರೆ ಆಗಿನ ಹೊಲದ ಅಳತೆ. ಊರಿಗೊಂದು ಗಳೆ ಇದ್ದ ಕಾಲದ ಮತ್ತರನ್ನು ಎಕರೆಗೆ ಇಳಿಸುವ ಪಾಡು ಶಾಸನ ಓದುವ ನಮ್ಮವರಿಗೆ ಗೊತ್ತೇ ಇದೆ. ಊಟದ ಹೊತ್ತಿಗೆ ಏಳೆಂಟು ಜನ ಸುತ್ತ ನಿಂತಿದ್ದರು.

ಅವರಲ್ಲಿ ಒಬ್ಬರು ಮಣ್ಣಿನ ವಿಜ್ಞಾನಿ. "ನಮ್ಮಜ್ಜ ಎಕರೆ ಅಂತಿರಲಿಲ್ರಿ, ಕೂರಿಗೆ ಅಂತಿದ್ದ. ಎರಿ ಹೊಲಕ್ಕ ಬ್ಯಾರೆ, ಮಸಾರಿಗೆ ಬ್ಯಾರೆ" ಅಂದರು. ಬಿತ್ತುವ ಕೂರಿಗೆಯ ಲೆಕ್ಕದಲ್ಲಿ ಹೊಲ ಅಳೆಯುವುದು, ಅದೂ ಕಪ್ಪು ಮಣ್ಣಿಗೆ ಒಂದು, ಕೆಂಪು ಮಣ್ಣಿಗೆ ಇನ್ನೊಂದು. ಹತ್ತು ವರ್ಷದಲ್ಲಿ ಇತಿಹಾಸದವರು ಯಾರೂ ನನಗೆ ಈ ಮಾತು ಹೇಳಿರಲಿಲ್ಲ.

ನಡುವೆ ಪಡಿಯಚ್ಚಿನ ಹಾಳೆ, ಅಂದರೆ ಶಾಸನದ ಮೇಲೆ ಒತ್ತಿ ಮಸಿಯಲ್ಲಿ ತೆಗೆದ ಪ್ರತಿ, ಬಿಚ್ಚಿಯೂ ನೋಡಿದೆ. ಮಸಿ ಅಧ್ಯಕ್ಷರ ಬಿಳಿ ಅಂಗಿಗೆ ಹತ್ತಿತು. ಅದನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ಭಾನುವಾರ ಆ ಮಣ್ಣಿನವರ ಜೊತೆ ಹಾವೇರಿ ಕಡೆ ಒಂದು ಹೊಲಕ್ಕೆ ಹೊರಟಿದ್ದೇನೆ. ಹಗ್ಗ ನನ್ನದು, ಬಸ್ ಚಾರ್ಜ್ ಅವರದು.