ಮಕ್ಕಳ ಸಿಟಿ ಸ್ಕ್ಯಾನ್: ಎಕ್ಸ್‌ರೇ ಡೋಸ್ ಎಲ್ಲಿವರೆಗೆ ಇಳಿಸ್ಬೋದು?

ಮೊದ್ಲು ರಿಕ್ವೆಸ್ಟ್ ಫಾರ್ಮ್ ನೋಡಿ, ಮಷೀನ್ ಆಮೇಲೆ. ಅಲ್ಟ್ರಾಸೌಂಡ್ ಇಲ್ಲಾ ಎಂಆರ್‌ಐನಲ್ಲೇ ಉತ್ತರ ಸಿಗೋ ಹಾಗಿದ್ರೆ ಡಾಕ್ಟರ್‌ನ ಒಂದ್ಮಾತು ಕೇಳಿ, ಇಲ್ಲ ಸಿಟಿನೇ ಬೇಕು ಅಂದ್ರೆ ಏನ್ ಹುಡುಕ್ತಿದಾರೆ ಅಂತಾದ್ರೂ ತಿಳ್ಕೊಳ್ಳಿ, ಯಾಕಂದ್ರೆ ಡೋಸ್ ಎಷ್ಟು ಬೇಕು ಅನ್ನೋದು ನಿಂತಿರೋದೇ ಅದ್ರ ಮೇಲೆ. ತಲೇಲಿ ಶಂಟ್ (ಮಿದುಳಿನ ನೀರು ಹೊರಗೆ ಹರಿಸೋ ಕೊಳವೆ) ಇರೋ ಮಗುಗೆ ವೆಂಟ್ರಿಕಲ್ (ಮಿದುಳೊಳಗೆ ಆ ನೀರು ಇರೋ ಜಾಗ) ದೊಡ್ಡದಾಗಿದ್ಯಾ ಅಂತ ನೋಡೋಕೆ ಇಮೇಜ್ ಸ್ವಲ್ಪ ಮರಳುಮರಳಾಗಿದ್ರೂ ನಡೆಯುತ್ತೆ, ಶ್ವಾಸಕೋಶಕ್ಕೂ ಅಷ್ಟೇ, ಆದ್ರೆ ಲಿವರ್‌ನಲ್ಲಿ ಸಣ್ಣ ಗಡ್ಡೆ ಹುಡುಕೋವಾಗ ಅದು ಆ ಮರಳಲ್ಲೇ, ಅಂದ್ರೆ ನಾಯ್ಸ್‌ನಲ್ಲೇ, ಮುಚ್ಚಿಹೋಗುತ್ತೆ.

ಲೆಕ್ಕ ಸಿಂಪಲ್. ಎಂಎಎಸ್ (ಎಕ್ಸ್‌ರೇ ಟ್ಯೂಬ್‌ನ ಕರೆಂಟ್ ಇಂಟು ಸಮಯ) ಅರ್ಧ ಮಾಡಿದ್ರೆ ಡೋಸೂ ಅರ್ಧ, ನಾಯ್ಸ್ ಮಾತ್ರ ಡಬಲ್ ಆಗಲ್ಲ, ಸುಮಾರು 40% ಏರುತ್ತೆ ಅಷ್ಟೇ. ಉಲ್ಟಾ ನೋಡಿ, ನಾಯ್ಸ್ ಅರ್ಧಕ್ಕೆ ಇಳೀಬೇಕು ಅಂದ್ರೆ ಡೋಸ್ 4 ಪಟ್ಟು ಕೊಡ್ಬೇಕು! ನೋಡೋಕೆ ಚೆನ್ನಾಗಿರ್ಲಿ ಅಂತ ಡೋಸ್ ಏರಿಸೋದು ನನ್ ಪ್ರಕಾರ ತಪ್ಪೇ. ಕಾಂಟ್ರಾಸ್ಟ್ (ರಕ್ತಕ್ಕೆ ಕೊಡೋ ಅಯೋಡಿನ್ ಇರೋ ಔಷಧಿ) ಕೊಡೋ ಸ್ಕ್ಯಾನ್ ಆದ್ರೆ ಸಣ್ಣ ಮಕ್ಕಳಿಗೆ 120 ಕೆವಿ (ಟ್ಯೂಬ್ ವೋಲ್ಟೇಜ್) ಬಿಟ್ಟು 80ಕ್ಕೆ ಬನ್ನಿ, ಅಯೋಡಿನ್ ಇನ್ನೂ ಬೆಳ್ಳಗೆ ಹೊಳೆಯುತ್ತೆ, ಅದ್ರಿಂದ ನಾಯ್ಸ್ ಒಂಚೂರು ಇದ್ರೂ ರಕ್ತನಾಳ ಎದ್ದು ಕಾಣುತ್ತೆ. ಸೆಟ್ಟಿಂಗ್ ಮಾತ್ರ ವಯಸ್ಸು ನೋಡಿ ಇಡ್ಬೇಡಿ, ಮೈಗಾತ್ರ ನೋಡಿ ಇಡಿ, ಒಂದೇ ವಯಸ್ಸಿನ ಇಬ್ರು ಮಕ್ಕಳ ಹೊಟ್ಟೆ ಸುತ್ತಳತೆ ಎಲ್ಲಿಂದೆಲ್ಲಿಗೋ ಇರುತ್ತೆ.

ತುಂಬಾ ಜನ ಎಡವೋದು ಸೆಂಟರಿಂಗ್‌ನಲ್ಲಿ, ಅಂದ್ರೆ ಮಗುನ ಮಷೀನ್ ರಿಂಗಿನ ನಡುಮಧ್ಯಕ್ಕೆ ಇಡೋದ್ರಲ್ಲಿ. ಮಗು ಅಳ್ತಿರುತ್ತೆ, ಬೇಗ ಮುಗಿಸೋಣ ಅಂತ ಟೇಬಲ್ ಎತ್ತರ ಸರಿ ಮಾಡದೇ ಸ್ಕೌಟ್ (ಸ್ಕ್ಯಾನ್‌ಗೆ ಮುಂಚೆ ತೆಗೆಯೋ ಅಳತೆ ಚಿತ್ರ) ತೆಗೆದುಬಿಡ್ತೀವಿ (ನಾನೂ ಮಾಡಿದೀನಿ). ಮಗು ಟ್ಯೂಬ್ ಕಡೆಗೆ ಜರುಗಿದ್ರೆ ಸ್ಕೌಟ್‌ನಲ್ಲಿ ಇರೋದಕ್ಕಿಂತ ದಪ್ಪ ಕಾಣುತ್ತೆ, ಆಟೋ ಎಂಎ (ಮೈಗಾತ್ರ ನೋಡಿ ಕರೆಂಟ್ ತಾನೇ ಹೊಂದಿಸೋದು) ಅದನ್ನೇ ನಂಬಿ ಡೋಸ್ ಏರಿಸುತ್ತೆ, ಟ್ಯೂಬ್‌ನಿಂದ ದೂರ ಜರುಗಿದ್ರೆ ಸಣ್ಣ ಕಂಡು ಡೋಸ್ ಇಳಿದು ಇಮೇಜ್ ಕೆಡುತ್ತೆ. ಲೇಸರ್ ಗೆರೆ ಮೈ ಪಕ್ಕದಲ್ಲಿ ನಡುಮಧ್ಯಕ್ಕೆ ಬಿದ್ದಿದ್ಯಾ ನೋಡಿ, ಆಮೇಲೆ ಸ್ಕೌಟ್.

ರೇಂಜ್ (ಎಲ್ಲಿಂದ ಎಲ್ಲಿವರೆಗೆ ಸ್ಕ್ಯಾನ್) ಬೇಕಾದಷ್ಟೇ ಇಟ್ಕೊಳ್ಳಿ. ಒಂದು ಫೇಸ್ (ಒಂದು ಸುತ್ತಿನ ಸ್ಕ್ಯಾನ್) ಸಾಕಾದ್ರೆ ಕಾಂಟ್ರಾಸ್ಟ್ ಮುಂಚೆ ಒಂದು ಆಮೇಲೆ ಒಂದು ಅಂತ ಎರಡೆರಡು ಯಾಕೆ, ಅಲ್ಲೇ ಡೋಸ್ ಹತ್ರಹತ್ರ ಡಬಲ್ ಆಯ್ತು. ಮಗು ಅಲುಗಾಡಿ ರಿಪೀಟ್ ಆದ್ರೂ ಅದೇ ಕಥೆ, ಚೆನ್ನಾಗಿ ಸುತ್ತಿ ಮಲಗಿಸಿ.

ಕೊನೇಲಿ ಸ್ಕ್ರೀನ್ ಮೇಲೆ ಬರೋ ಸಿಟಿಡಿಐ (ಸಿಟಿ ಡೋಸ್ ಸೂಚ್ಯಂಕ) ನಂಬರ್. ಅದು ಮಗುಗೆ ಬಿದ್ದ ಡೋಸ್ ಅಲ್ಲ, ಪ್ಲಾಸ್ಟಿಕ್ ಫ್ಯಾಂಟಮ್ (ಮೈ ಬದಲು ಇಟ್ಟು ಡೋಸ್ ಅಳೆಯೋ ದುಂಡು ತುಂಡು) ಲೆಕ್ಕ. ಅದೇ ಎಕ್ಸ್‌ಪೋಶರ್‌ಗೆ 16 ಸೆಂಮೀ ಫ್ಯಾಂಟಮ್ ಲೆಕ್ಕದಲ್ಲಿ ಬರೋ ನಂಬರ್ 32ರದ್ದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತೆ, ಹಾಗಾಗಿ ಎರಡು ಮಷೀನ್ ಹೋಲಿಸೋ ಮುಂಚೆ ಪಕ್ಕದಲ್ಲಿ ಯಾವ ಸೈಜ್ ಬರೆದಿದೆ ಅಂತ ನೋಡ್ಕೊಳ್ಳಿ.