ಗೊರಕೆ ಕೇಳುವ ಮನೆ

ಮೊದಲ ವರ್ಷ ನಾವು ಮಾಡಿದ ತಪ್ಪು ಒಂದೇ. ಅಜ್ಜನ ಮನೆಯನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟೆವು.

ಮನೆ ಇರುವುದು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ, ಶರಾವತಿಯ ಹತ್ತಿರ. ಕೆಳಗೆ ಅಡಿಕೆ ತೋಟ, ಮೇಲೆ ಮನೆ. ಸಮುದ್ರಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಆಚೆ ದಿಕ್ಕಿಗೆ ಹೊರಟರೆ ಗೇರುಸೊಪ್ಪೆ ದಾಟಿದ ಕೂಡಲೇ ಘಟ್ಟ ಶುರು. ಒಂದು ಕಾಲಕ್ಕೆ ಇಪ್ಪತ್ತೆರಡು ಜನ ಉಣ್ಣುತ್ತಿದ್ದ ಮನೆಯಲ್ಲಿ ಉಳಿದದ್ದು ನಾನು, ಹೆಂಡತಿ ಮತ್ತು ಆಯಿ. ಸುಮ್ನೆ ಬೀಗ ಹಾಕಿಟ್ಟರೆ ಒರಲೆ ತಿಂದುಹೋಗುತ್ತದೆ ಎಂದು ಹೋಂಸ್ಟೇ ಮಾಡಿದೆವು.

ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಕೋಣೆಗಳ ನಡುವೆ ಇರುವುದು ಹಲಗೆ ಗೋಡೆ. ಅದೂ ಮಾಡಿನವರೆಗೆ ಮುಟ್ಟುವುದಿಲ್ಲ. ಗಾಳಿಯಾಡಲಿ ಎಂದು ಅಜ್ಜ ಎರಡಡಿ ಬಿಟ್ಟಿದ್ದ. ಆ ಡಿಸೆಂಬರಿನಲ್ಲಿ ಒಂದು ಕೋಣೆಗೆ ಹೊಸದಾಗಿ ಮದುವೆಯಾದವರು ಬಂದರು, ಪಕ್ಕದ್ದಕ್ಕೆ ಮೂವರು ಗೆಳೆಯರು. ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಎದ್ದ ನನ್ನ ಹೆಂಡತಿ ನೋಡಿದರೆ, ಜಗಲಿಯಲ್ಲಿ ದಿಂಬು ಅಪ್ಪಿಕೊಂಡು ಆ ಗಂಡ ಹೆಂಡತಿ ಕೂತಿದ್ದಾರೆ. ಮೇಲಿನ ಗೊರಕೆ ಅಂಗಳಕ್ಕೂ ಕೇಳುತ್ತಿತ್ತು! ಸಂದಿಗೆ ಪ್ಲೈವುಡ್ ಹೊಡೆದುಬಿಡೋಣ ಎಂದ ಬಡಗಿ. ಹೊಡೆದರೆ ಮಾರ್ಚಿನ ಸೆಕೆಯಲ್ಲಿ ಒಳಗೆ ಕೂರುವವರು ಯಾರು?

ಅಂದಿನಿಂದ ಇಡೀ ಮನೆ ಒಂದೇ ಗುಂಪಿಗೆ. ನಾವು ಹಿಂಬದಿಯ ಎರಡು ಕೋಣೆಗಳಲ್ಲಿ. ಸ್ವಂತ ಮಾವನ ಗೊರಕೆಯ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಅಲ್ವಾ?

ಬುಕಿಂಗ್‌ಗೆ ಫೋನ್ ಮಾಡಿದವರಿಗೆ ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಬಂದರೆ ಜೋಗದಲ್ಲಿ ಬಂಡೆ ಜಾಸ್ತಿ, ನೀರು ಕಡಿಮೆ. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ಹಿಡಿದು ವಿದ್ಯುತ್ತಿಗೆ ಬಳಸುತ್ತಾರೆ. ಜುಲೈನಲ್ಲಿ ಜೋಗ ಭರ್ತಿ, ಮಂಜು ಬಿಟ್ಟುಕೊಟ್ಟರೆ ಕಾಣುತ್ತದೆ, ಆದರೆ ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ನಿಷೇಧ, ಹಾಗಾಗಿ ಮೀನೂ ಕಡಿಮೆ. ಎರಡೂ ಬೇಕೆಂದರೆ ದಸರಾ ಕಳೆದ ಮೇಲೆ ಬನ್ನಿ. ಇದನ್ನು ಹೇಳಿ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಬಂದು ಮುಖ ಸಿಂಡರಿಸಿಕೊಳ್ಳುವುದಕ್ಕಿಂತ ಅದೇ ವಾಸಿ.

ಮೀನು ಅಂದೆನಲ್ಲ, ಅದೊಂದು ದೊಡ್ಡ ಪಂಚಾಯಿತಿ. ನಮ್ಮದು ಹವ್ಯಕ ಬ್ರಾಹ್ಮಣರ ಮನೆ, ಮೀನು ಮುಟ್ಟುವುದಿಲ್ಲ. ತಂಬುಳಿ, ಅಪ್ಪೆಹುಳಿ, ನೀರುದೋಸೆ ಎಷ್ಟು ಬೇಕಾದರೂ ಉಂಟು. ಕರಾವಳಿಗೆ ಬಂದವರು ಎರಡನೇ ದಿನ ಬಂಗುಡೆ ಕೇಳುತ್ತಾರೆ. ಕೊನೆಗೆ ತೋಟದಂಚಿನ ಹಳೇ ಕಟ್ಟಿಗೆಮನೆಗೆ ಒಲೆ, ನಲ್ಲಿ ಹಾಕಿಸಿದೆ. ಕೆಳಗಿನ ಕೇರಿಯ ಅಕ್ಕ ಒಬ್ಬರು ಬಂದು ಅಲ್ಲೇ ಸಾರು ಮಾಡಿ ಬಡಿಸುತ್ತಾರೆ. ಅಲ್ಲಿನ ಪಾತ್ರೆ ಈಚೆ ಬರಬಾರದು ಎಂಬುದು ಆಯಿಯ ಷರತ್ತು. ನಮ್ಮ ಬೆಕ್ಕು ಮಾತ್ರ ಎರಡೂ ಕಡೆ ಉಣ್ಣುತ್ತದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ದುಡ್ಡು ತಿನ್ನುವುದು ಹೆಂಚಿನ ಮಾಡು. ಹಲಸಿನ ಮರದಿಂದ ಮಂಗ ಹಾರಿದರೆ ನಾಲ್ಕು ಹೆಂಚು ಹೋಯಿತೆಂದೇ ಲೆಕ್ಕ. ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಲೇಬೇಕು. ಇಳಿಸಿ, ಪಾಚಿ ಉಜ್ಜಿ, ಹೆಂಚಿನಡಿಯ ಮರದ ರೀಪಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು, ಮತ್ತೆ ಹೊದೆಸುವುದು. ಗೇರೆಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಕೈಗೆ ಮೊದಲು ತೆಂಗಿನೆಣ್ಣೆ ಹಚ್ಚಿಕೊಳ್ಳಿ. ವಾಸನೆ ಹೋಗುವವರೆಗೆ ಬುಕಿಂಗ್ ತೆಗೆದುಕೊಳ್ಳಬೇಡಿ.

ಒಂದು ಸಲ ಅವಸರಕ್ಕೆ ಹೊಸ ಹೆಂಚು ತಂದು ಹಳೆಯದರ ನಡುವೆ ಸೇರಿಸಿದೆ. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ, ಎದ್ದು ನಿಲ್ಲುತ್ತದೆ. ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಅತಿಥಿಗಳ ಮಂಚದ ಮೇಲೆ ಟಪ್ ಟಪ್. ಅರ್ಧ ಬಾಡಿಗೆ ವಾಪಸ್ ಕೊಟ್ಟೆ.

ಈಗ ಹಳೇ ಮನೆ ಬಿಚ್ಚುವಲ್ಲಿಗೆ ನಮ್ಮ ಹೆಂಚಿನ ಒಂದು ತುಂಡು ಹಿಡಿದುಕೊಂಡೇ ಹೋಗುತ್ತೇನೆ. ಅಚ್ಚು ಹೊಂದಬೇಕು, ಬೆರಳ ಗಂಟಿನಿಂದ ಬಡಿದರೆ ಠಣ್ ಎನ್ನಬೇಕು. ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ಮೊನ್ನೆ ನದಿಯಾಚೆ ಒಂದು ಮನೆ ಬಿಚ್ಚುವ ಸುದ್ದಿ ಬಂತು. ಇನ್ನೂರು ಹೆಂಚು ಕೇಳಿಟ್ಟಿದ್ದೇನೆ.